ಬಿಡಬೇಕು ಅಲ್ಲ, ಕುಡಿಸಬೇಕು

ದಯಾಮರಣದ ಪರವಾಗಿ ಒಂದು ಭಾಷಣ, ವಿರೋಧವಾಗಿ ಒಂದು ಭಾಷಣ, ಎರಡನ್ನೂ ಒಂದೇ ಮಧ್ಯಾಹ್ನ, ಸ್ಟಾಫ್ ರೂಮಿನ ಒಂದೇ ಕುರ್ಚಿಯಲ್ಲಿ ಕುಳಿತು ಬರೆದವನು ನಾನು. ಶ್ರೀರಾಂಪುರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದಾಗಿನ ಮಾತು. ಹೊಸದುರ್ಗದಲ್ಲಿ ತಾಲ್ಲೂಕು ಮಟ್ಟದ ಚರ್ಚಾಸ್ಪರ್ಧೆ ಇತ್ತು. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಬರೆದುಕೊಡುವವರು ಮೇಷ್ಟ್ರು. ಎಲ್ಲ ಶಾಲೆಗಳಲ್ಲೂ ಹಾಗೇ. ಪರವಾದ ಭಾಷಣದಲ್ಲಿ ‘ಘನತೆ’ ಎಂಬ ಪದವನ್ನು ಧಾರಾಳವಾಗಿ ಸುರಿದೆ. ವಿರೋಧದ್ದರಲ್ಲಿ ‘ನೀವು ಕೊಡದ ಜೀವವನ್ನು ಕಸಿಯಲು ನೀವು ಯಾರು?’ ಎಂದು ಗುಡುಗಿದೆ. ವಿರೋಧಕ್ಕೆ ಮೊದಲ ಬಹುಮಾನ ಬಂತು. ಬಸ್ಸಿನಲ್ಲಿ ವಾಪಸು ಬರುವಾಗ ಗೆದ್ದ ಹುಡುಗಿಗಿಂತ ನಾನೇ ಹೆಚ್ಚು ಉಬ್ಬಿದ್ದೆ. ಸಾವಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದರಿಂದಲೇ ಅಷ್ಟು ಸಲೀಸಾಗಿ ಬರೆಯಲು ಆಯಿತು.

ನಾನು ನಿವೃತ್ತನಾದ ಮೇಲೆ ಅಕ್ಕನ ಉಸಿರು ಕೆಟ್ಟಿತು. ಯಲ್ಲದಕೆರೆಗೆ ಸೊಸೆಯಾಗಿ ಹೋಗಿ, ನಲವತ್ತು ವರ್ಷ ಸೌದೆ ಒಲೆ ಊದಿದವಳು ಅವಳು. ಭಾವ ತೀರಿಕೊಂಡ ಮೇಲೆ ಹಿರಿಯೂರಿನಲ್ಲಿ ಮಗನ ಜೊತೆ ಇದ್ದಳು. ಮಗನಿಗೆ ತೆಂಗಿನಕಾಯಿ ಮಂಡಿಯಲ್ಲಿ ಕೆಲಸ. ಶ್ವಾಸಕೋಶ ಗಟ್ಟಿಯಾಗಿದೆ, ಇನ್ನು ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಒಂದು ದಿನ ಉಸಿರಾಡಲಾಗದೆ ಬಿದ್ದವಳನ್ನು ಚಿತ್ರದುರ್ಗಕ್ಕೆ ಕರೆದೊಯ್ದೆವು. ಗಂಟಲಿಗೆ ಪೈಪು ಇಳಿಸಿ ಹನ್ನೊಂದು ದಿನ ವೆಂಟಿಲೇಟರಿನಲ್ಲಿ ಇಟ್ಟರು.

ಬೆಳಿಗ್ಗೆ ಐದು ನಿಮಿಷ ಒಬ್ಬರನ್ನು ಒಳಗೆ ಬಿಡುತ್ತಿದ್ದರು. ಪೈಪು ಕಿತ್ತುಕೊಂಡಾಳೆಂದು ಅವಳ ಎರಡೂ ಕೈಗಳನ್ನು ಮಂಚದ ಕಂಬಿಗೆ ಬಟ್ಟೆಯಲ್ಲಿ ಕಟ್ಟಿದ್ದರು. ಮಾತಿಲ್ಲ. ಕಣ್ಣು ಮಾತ್ರ ನನ್ನ ಕೈಯಲ್ಲಿದ್ದ ನೀರಿನ ಬಾಟಲಿಯ ಮೇಲೆ. ನರ್ಸಮ್ಮ ಒಳ್ಳೆಯವಳು. “ಕುಡಿಸಂಗಿಲ್ಲ ಸರ್. ಬೇಕಾದ್ರೆ ಈ ಹತ್ತಿ ಒದ್ದೆ ಮಾಡಿ ತುಟಿಗೆ ಒತ್ರಿ, ಪಾಪ ಒಣಗಿ ಹೋಗೈತೆ” ಎಂದು ಹತ್ತಿ ಕೊಟ್ಟಳು.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ.

ನಮ್ಮ ಕಡೆ ‘ಬಾಯಿಗೆ ನೀರು ಬಿಡುವುದು’ ಎಂದರೆ ಒಂದೇ ಅರ್ಥ. ಜೀವ ಹೋಗುವಾಗ ಮನೆಯವರು ಕೊನೆಯದಾಗಿ ಹಾಕುವ ನೀರು ಅದು. ಮಲಗಿದವಳ ತುಟಿಗೆ ನೀರು ಮುಟ್ಟಿಸಿದರೆ ಅವಳು ಸಾಯುತ್ತಾಳೆಂದು ನಾನೇ ಒಪ್ಪಿಕೊಂಡಂತೆ ಎಂದು ನನಗೆ ಆ ಕ್ಷಣ ಅನ್ನಿಸಿತು. ಮೂವತ್ತು ವರ್ಷ ಮಕ್ಕಳಿಗೆ ಮೂಢನಂಬಿಕೆಯ ಮೇಲೆ ಪ್ರಬಂಧ ಬರೆಸಿದ ಮೇಷ್ಟ್ರು! ಫೋನ್ ಬಂತೆಂದು ಸುಳ್ಳು ಹೇಳಿ ಹೊರಗೆ ಬಂದುಬಿಟ್ಟೆ. ಆ ನಾಚಿಕೆ ಇನ್ನೂ ಹೋಗಿಲ್ಲ.

ಅಕ್ಕ ಬದುಕಿ ಬಂದಳು. ಇದನ್ನು ಮುಚ್ಚಿಟ್ಟು ಈ ಕತೆ ಹೇಳಿದರೆ ಅದೂ ಸುಳ್ಳಾಗುತ್ತದೆ. ಆ ಮಿಷನ್ನಿಂದಲೇ ಬಂದಳು, ಬಂದು ಎಂಟು ತಿಂಗಳು ನಮ್ಮ ನಡುವೆ ಇದ್ದಳು, ಮೊಮ್ಮಗಳ ಜಡೆ ಹೆಣೆದಳು, ಸೊಸೆಯ ಸಾರಿಗೆ ಹುಳಿ ಸಾಲದೆಂದು ರೇಗಿದಳು. ಆದರೆ ಮನೆಗೆ ಬಂದ ವಾರದಲ್ಲೇ ನನ್ನನ್ನು ಕರೆಸಿದಳು. ಮುಂದೆ ತನಗೆ ಯಾವ ಚಿಕಿತ್ಸೆ ಬೇಡವೆಂದು ರೋಗಿ ಮೊದಲೇ ಬರೆದಿಡಬಹುದಂತೆ, ಟಿವಿಯಲ್ಲಿ ಅದರ ಮೇಲೆ ನಾಲ್ಕು ಜನ ಕಿತ್ತಾಡುತ್ತಿದ್ದರಂತೆ.

“ಅವ್ರು ಕಿತ್ತಾಡ್ಲಿ. ನೀನು ಬರಿ” ಎಂದಳು.

ಹಿರಿಯೂರು ಕೋರ್ಟಿನ ಒಬ್ಬ ವಕೀಲರು ಬಿಡಿಸಿ ಹೇಳಿದರು. ಇಂಜೆಕ್ಷನ್ ಕೊಟ್ಟು ಜೀವ ತೆಗೆಯಲು ನಮ್ಮ ಕಾನೂನಿನಲ್ಲಿ ಅವಕಾಶವಿಲ್ಲ. ವಾಸಿಯಾಗದ ಕಾಯಿಲೆಯಲ್ಲಿ ಮಿಷನ್ ಬೇಡ ಎನ್ನಲು ಇದೆ. ಇಬ್ಬರು ಸಾಕ್ಷಿಗಳು, ನೋಟರಿ, ರೋಗಿಗೆ ಮಾತು ನಿಂತರೆ ಅವರ ಪರವಾಗಿ ಹೇಳುವ ಒಬ್ಬರ ಹೆಸರು ಬೇಕು. ನಾನು ಎರಡು ಪುಟ ಬರೆದುಕೊಂಡು ಹೋಗಿ ಅಕ್ಕನ ಮುಂದೆ ಓದಿದೆ. ‘ಘನತೆಯ ಅಂತ್ಯ’, ‘ದಯಾಪೂರ್ಣ ವಿದಾಯ’, ಹಳೇ ಭಾಷಣದ ಸಾಮಾನೆಲ್ಲ ಅದರಲ್ಲಿತ್ತು.

“ದಯೆ ಯಾರ್ದು?” ಎಂದಳು. “ನಂಗ್ಯಾರ ದಯೆನೂ ಬ್ಯಾಡ. ಮೂರು ಮಾತು ಬರಿ. ಪೈಪ್ ಹಾಕ್ಬ್ಯಾಡ್ರಿ. ಕೈ ಕಟ್ಬ್ಯಾಡ್ರಿ. ಬಾಯಾರಿದ್ರೆ ನೀರು ಕೊಡ್ರಿ.”

ನಾನು ಬರೆದು ಓದಿದೆ. ಮೂರನೆಯದನ್ನು ‘ಬಾಯಿಗೆ ನೀರು ಬಿಡಬೇಕು’ ಎಂದು ಬರೆದುಬಿಟ್ಟಿದ್ದೆ. ಅಕ್ಕನಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ಲೇ, ನಾನಿನ್ನೂ ಸತ್ತಿಲ್ಲ. ಬಿಡಬೇಕು ಅಲ್ಲ, ಕುಡಿಸಬೇಕು ಅಂತ ಬರಿ. ಬಿಡೋದು ಹೋಗೋರಿಗೆ. ಕುಡಿಸೋದು ಇರೋರಿಗೆ. ಏನಪ್ಪ, ಕನ್ನಡ ಮೇಷ್ಟ್ರು ನೀನು, ನಾನು ಹೇಳ್ಕೊಡ್ಬೇಕಾ?” ಸ್ವಲ್ಪ ಉಸಿರು ಹಿಡಿದುಕೊಂಡು ಮತ್ತೆ ಅಂದಳು, “ಅವತ್ತು ತುಟಿನೂ ಒದ್ದೆ ಮಾಡ್ಲಿಲ್ಲ ನೀನು. ನೋಡ್ತಿದ್ದೆ.”

ತಿದ್ದಿ ಬರೆದೆ. ತನ್ನ ಪರವಾಗಿ ಹೇಳುವವರ ಜಾಗದಲ್ಲಿ ಮಗನ ಹೆಸರು ಹಾಕಲು ಹೋದರೆ ತಡೆದಳು. “ಅವನು ಅಳ್ತಾನೆ. ನಿನ್ನ ಹೆಸ್ರೇ ಹಾಕು. ಎರಡೂ ಕಡೆ ಭಾಷಣ ಬರ್ದೋನಲ್ವಾ, ಗೊತ್ತಿರ್ತೈತೆ” ಎಂದು ನಕ್ಕಳು. ಬೇಡವೆನ್ನಲು ನನಗೆ ಧೈರ್ಯ ಬರಲಿಲ್ಲ.

ಎರಡನೇ ಸಲ ಅವಳನ್ನು ಹಿರಿಯೂರಿನ ಆಸ್ಪತ್ರೆಗೇ ಸೇರಿಸಿದ್ದು. ಬೆಳಿಗ್ಗೆ ಹನ್ನೊಂದರ ಹೊತ್ತು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಾಗದವನ್ನು ಎರಡು ಸಲ ಓದಿದರು. ಮಿಷನ್ ಇಲ್ಲದಿದ್ದರೆ ಇವತ್ತೋ ನಾಳೆಯೋ. ಮಿಷನ್ ಇಟ್ಟರೆ ಹೋದ ಸಲದ ಹಾಗೆ ಬರಬಹುದು, ಬರದೆಯೂ ಇರಬಹುದು ಎಂದರು. ಅಕ್ಕನ ಕಿವಿಯ ಹತ್ತಿರ ಬಗ್ಗಿ, “ಅಜ್ಜಿ, ಪೈಪ್ ಹಾಕೋದು ಬೇಡ್ವಾ?” ಎಂದು ಕೇಳಿದರು. ಅಕ್ಕ ಕಣ್ಣು ಬಿಡಲಿಲ್ಲ. ಕೈ ಒಂದಿಷ್ಟು ಎತ್ತಿ ನಾನಿದ್ದ ಕಡೆ ತೋರಿಸಿದಳು.

ಅವಳ ಮಗ ನನ್ನ ತೋಳು ಹಿಡಿದುಕೊಂಡ. “ಮಾವ, ಹೋದ್ಸಲ ಬದುಕಿ ಬಂದ್ಲಲ್ಲ ಮಾವ. ಚಿತ್ರದುರ್ಗಕ್ಕೆ ಹೋಗಾಣ. ಆಂಬುಲೆನ್ಸ್ ಬಾಗ್ಲಾಗೇ ಐತೆ.”

ನಾನು ಬರೆದ ವಿರೋಧದ ಭಾಷಣವೆಲ್ಲ ನಾಲಿಗೆಗೆ ಬಂತು. ಬಹುಮಾನ ಬಂದಿದ್ದು ಅದಕ್ಕೇ ಅಲ್ಲವೇ? ಎಂಟು ತಿಂಗಳು ಸಿಕ್ಕಿತ್ತು, ಇನ್ನೆಂಟು ಸಿಕ್ಕರೆ ಯಾರಿಗೆ ನಷ್ಟ? ಅವಳು ಇನ್ನೂ ಇರಲಿ ಎಂಬುದು ನನ್ನ ಆಸೆ, ಅಷ್ಟೇ. ಅದಕ್ಕೆ ತತ್ವದ ಬಣ್ಣ ಬಳಿಯುವುದಿಲ್ಲ. ಆದರೆ ಎತ್ತಿದ ಕೈ ಇನ್ನೂ ಕೆಳಗಿಳಿದಿರಲಿಲ್ಲ. ಅವತ್ತು ಕಟ್ಟಿಹಾಕಿದ್ದ ಕೈ ಅದು.

“ಪೈಪ್ ಬೇಡ್ರಿ” ಎಂದೆ.

ಅವಳ ಮಗ ನನ್ನ ತೋಳು ಬಿಟ್ಟ. ಇವತ್ತಿಗೂ ಅವನು ನನ್ನ ಮುಖ ನೋಡಿ ಮಾತಾಡುವುದಿಲ್ಲ. ನಾನು ಅವನನ್ನು ದೂರುವುದಿಲ್ಲ.

ದೊಡ್ಡ ಡಾಕ್ಟರು ಬಂದರು, ನೋಡಿದರು, ಕಾಗದ ಓದಿ ಒಪ್ಪಿದರು. ಮೂಗಿಗೆ ಆಕ್ಸಿಜನ್ ಇಟ್ಟು, ಉಸಿರಿನ ಸಂಕಟ ಕಡಿಮೆಯಾಗಲು ಔಷಧಿ ಕೊಟ್ಟರು. ಮಧ್ಯಾಹ್ನ ಅಕ್ಕ ನಾಲಿಗೆಯಿಂದ ತುಟಿ ಸವರಿಕೊಂಡಳು. ತಲೆ ಎತ್ತಿ ಹಿಡಿದು ಸ್ವಲ್ಪ ಸ್ವಲ್ಪವೇ ಕೊಡಿ ಎಂದರು ಡಾಕ್ಟರು. ಸೊಸೆ ಮನೆಯಿಂದ ತಂದಿದ್ದ ಚಮಚ ಇತ್ತು. ಈ ಸಲ ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮೊದಲ ಚಮಚ ನುಂಗಿದಳು. ಎರಡನೆಯದು ನುಂಗಿ “ಇನ್ನೊಂದು” ಎಂದಳು. ಮೂರನೆಯದಕ್ಕೆ ಗಂಟಲು ಅಲ್ಲಾಡಿತು. ಆಮೇಲಿನವು ಕಟಬಾಯಿಯಿಂದ ಇಳಿಯತೊಡಗಿದವು, ನಾನು ಅವಳ ಸೆರಗಿನಲ್ಲೇ ಒರೆಸುತ್ತ ಕೊಡುತ್ತಲೇ ಇದ್ದೆ, ಡಾಕ್ಟರು ಬಂದು ನನ್ನ ಕೈ ಹಿಡಿಯುವ ತನಕ.

ಪರ, ವಿರೋಧ ಎರಡನ್ನೂ ಬರೆದವನು ನಾನು. ಆದರೆ ಯಾವ ಚಮಚದ ತನಕ ಅಕ್ಕನಿಗೆ ನೀರು ಕುಡಿಸಿದೆ, ಯಾವ ಚಮಚದಿಂದ ನೀರು ಬಿಟ್ಟೆ ಎಂಬುದು ನನಗೆ ಗೊತ್ತಿಲ್ಲ.