ಹಳದಿ ಟೋಪಿಯ ಮೈಕು

ಅಂದು ಬೆಳಿಗ್ಗೆಯೂ ಎಂದಿನಂತೆ ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದು ಬಂದೆ. ಹಾಲು ಕಾಯುವ ಹೊತ್ತಿನಲ್ಲಿ ಒಲೆಯ ಮುಂದೆ ನಿಂತು ದೇವರ ಹೂವಿನ ತೊಟ್ಟು ಬಿಡಿಸುವುದು ನನ್ನ ಅಭ್ಯಾಸ. ಆ ದಿನ ಮಾತ್ರ ಕೈಯಲ್ಲಿ ಹೂವಿನ ಬದಲು ಹಲ್ಲುಜ್ಜುವ ಹಳೇ ಬ್ರಷ್ಷು ಇತ್ತು. ಮೈಕಿನ ವೈರುಗಳ ತುದಿಯಲ್ಲಿ ಕೂತಿದ್ದ ಧೂಳನ್ನು ತೆಗೆಯುತ್ತಿದ್ದೆ. ಹಾಲು ಉಕ್ಕಿ ಒಲೆಯೆಲ್ಲ ಆಯಿತು.

ಸಿದ್ಧಾರ್ಥನಗರದ ನಮ್ಮ ಮನೆಯ ಮೆಟ್ಟಿಲ ಕೆಳಗೆ, ಹಳೇ ಕಾಟನ್ ಸೀರೆ ಹೊದ್ದುಕೊಂಡು, ಎರಡು ಕರಿಯ ಸ್ಪೀಕರುಗಳು ನಿಂತಿರುತ್ತವೆ. ಅವು ನಮ್ಮ ಬಡಾವಣೆಯ ಮಹಿಳಾ ಸಂಘದವು. ಬಾಡಿಗೆಯ ಮೈಕ್‌ಸೆಟ್ಟಿನವರು ಪ್ರತಿ ಸಲ ತಡಮಾಡಿ ಬರುತ್ತಾರೆಂದು ಬೇಸತ್ತು ಸಂಘದವರೇ ಕೊಂಡದ್ದು. ಪೆಟ್ಟಿಗೆ ಒಡೆದಾಗ ಒಳಗೆ ದಪ್ಪನೆಯ ಇಂಗ್ಲಿಷ್ ಪುಸ್ತಕವಿತ್ತು. "ನೀವು ಕಾನ್ವೆಂಟಲ್ಲಿ ಓದಿರೋರು, ನೀವೇ ಇಟ್ಕಳಿ" ಎಂದು ಅಧ್ಯಕ್ಷೆ ಪುಸ್ತಕವನ್ನೂ ಸ್ಪೀಕರುಗಳನ್ನೂ ಒಟ್ಟಿಗೆ ನನಗೆ ದಾಟಿಸಿಬಿಟ್ಟರು.

ಮೊದಮೊದಲು ಹೆದರಿದ್ದೆ. ಆಮೇಲೆ ಅಡುಗೆಮನೆಯ ಸಾಮಾನುಗಳ ಹಾಗೆ ಅವುಗಳ ಸ್ವಭಾವವೂ ತಿಳಿಯಿತು. ಈ ಸ್ಪೀಕರುಗಳಿಗೆ ಆಂಪ್ಲಿಫೈಯರ್ ಒಳಗೇ ಇರುತ್ತದೆ. ಆದ್ದರಿಂದ ಒಂದೊಂದಕ್ಕೂ ದನಿ ತರುವ ವೈರು ಬೇರೆ, ಕರೆಂಟಿನ ವೈರು ಬೇರೆ. ಮೈಕುಗಳ ದನಿಯನ್ನು ಒಂದುಗೂಡಿಸಿ ಕಳಿಸುವ ಗುಂಡಿಗಳ ಪೆಟ್ಟಿಗೆಗೆ ಮಿಕ್ಸರ್ ಎಂದು ಹೆಸರು. ನಮ್ಮ ಸಂಘದಲ್ಲಿ ಎಲ್ಲರೂ ಮಿಕ್ಸಿ ಎನ್ನುತ್ತಾರೆ. ಹಚ್ಚುವಾಗ ಮೊದಲು ಮಿಕ್ಸರ್, ಕೊನೆಗೆ ಸ್ಪೀಕರ್. ಆರಿಸುವಾಗ ಮೊದಲು ಸ್ಪೀಕರ್. ತಪ್ಪಿದರೆ ಡಬ್ ಎಂದು ಎದೆ ನಡುಗಿಸುವ ಸದ್ದು. ಮೈಕು ಸ್ಪೀಕರುಗಳ ಹಿಂದಿರಬೇಕು. ಮುಂದೆ ಬಂದರೆ ತನ್ನ ದನಿಯನ್ನು ತಾನೇ ಮತ್ತೆ ಮತ್ತೆ ಕೇಳಿಸಿಕೊಂಡು ಕೀಂ ಎಂದು ಕಿರುಚುತ್ತದೆ. ಇಷ್ಟು ಗೊತ್ತಿದ್ದರೆ ಮುಕ್ಕಾಲು ಕೆಲಸ ಆದಂತೆ ಎಂದುಕೊಂಡಿದ್ದೆ.

ಆ ಸಂಜೆ ಪಾರ್ಕಿನಲ್ಲಿ ಸಂಘದ ವಾರ್ಷಿಕೋತ್ಸವ. ಅಕ್ಕ ಹಾಡುವವರಿದ್ದರು.

ಅಕ್ಕ ಎಂದರೆ ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಒಂದೇ ಮನೆಯ ಮೇಲಿನ ಅಂತಸ್ತಿನಲ್ಲಿ ಅವರಿದ್ದಾರೆ. ನಾನು ಮದುವೆಯಾಗಿ ಬಂದಂದಿನಿಂದ ಬೆಳಗಿನ ಹೊತ್ತು ಮೆಟ್ಟಿಲಿಳಿದು ಬರುವ ಅವರ ದನಿ ಕೇಳುತ್ತಲೇ ತರಕಾರಿ ಹೆಚ್ಚಿದ್ದೇನೆ. ಅದು ದೊಡ್ಡ ದನಿಯಲ್ಲ. ನೂಲಿನಷ್ಟು ಸಣ್ಣ, ಆದರೆ ಎಲ್ಲಿಯೂ ತುಂಡಾಗದ್ದು. ಅವರ ಕುತ್ತಿಗೆಯಲ್ಲಿ ಥೈರಾಯ್ಡಿನ ಗಡ್ಡೆ ಬೆಳೆದಿತ್ತು. ವಾರ್ಷಿಕೋತ್ಸವ ಕಳೆದ ವಾರದಲ್ಲೇ ಆಪರೇಷನ್. ಮಾತಿಗೆ ತೊಂದರೆಯಾಗಲಾರದು, ಹಾಡಿನ ವಿಷಯ ಮಾತ್ರ ಹೇಳುವುದು ಕಷ್ಟ, ಮೇಲಿನ ಸ್ವರಗಳು ವಾಪಸು ಬರದೇ ಇರಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅಕ್ಕ ಅದಕ್ಕೆ ಅತ್ತವರಲ್ಲ. ಕಾಫಿ ಲೋಟ ಹಿಡಿದು ನನ್ನ ಅಡುಗೆಮನೆಗೆ ಬಂದು, "ನೋಡೆ, ಈ ಸಲ ಹಿಂದಿನ ಸಾಲಲ್ಲಿ ಕೂತೋರಿಗೂ ಕೇಳಿಸಬೇಕು ಕಣೆ. ಇಷ್ಟು ವರ್ಷ ಹಾಡ್ದೆ, ಮುಂದಿನ ಸಾಲಿನೋರು ಬಿಟ್ರೆ ಯಾರೂ ಕೇಳೇ ಇಲ್ಲ" ಎಂದಿದ್ದರು.

ಅದು ನಿಜ. ಅದಕ್ಕೊಂದು ಕಾರಣವೂ ಇತ್ತು. ಅಕ್ಕ ಎಂದೂ ಲೋಟವನ್ನು ಕಚ್ಚಿ ಕುಡಿದವರಲ್ಲ. ನೀರಾಗಲಿ, ಕಾಫಿಯಾಗಲಿ, ಎತ್ತಿಯೇ ಕುಡಿಯುವುದು. ಮೈಕನ್ನೂ ಹಾಗೆಯೇ ಎತ್ತಿಯೇ ಹಾಡುತ್ತಿದ್ದರು. ಹತ್ತು ಜನ ಬಾಯಿ ಹತ್ತಿರ ಹಿಡಿದ ಮೈಕು ಅವರ ಪಾಲಿಗೆ ಎಂಜಲು. ಮೊಳದಷ್ಟು ದೂರ ಹಿಡಿದರೆ ಆ ನೂಲಿನಂಥ ದನಿ ಮೈಕಿಗೆ ತಾಕುವುದಾದರೂ ಹೇಗೆ? ನಾನು ಎಷ್ಟೋ ಸಲ ಹೇಳಿದ್ದೆ. "ಬೇಕಂತ ಮಾಡಲ್ಲ ಕಣೆ, ಬಾಯಿ ತಾನಾಗೇ ಹಿಂದಕ್ಕೆ ಹೋಗುತ್ತೆ. ನಿಂಗೆ ಅರ್ಥ ಆಗಲ್ಲ, ನೀನು ಕಾನ್ವೆಂಟಲ್ಲಿ ಎಲ್ಲರ ಬಾಟ್ಲೀಲೂ ನೀರು ಕುಡಿದೋಳು" ಎಂದು ನಕ್ಕುಬಿಡುತ್ತಿದ್ದರು.

ಈ ಸಲ ನಾನೊಂದು ಉಪಾಯ ಮಾಡಿದ್ದೆ. ಮೈಕಿನ ತಲೆಗೆ ಹಾಕುವ ಸ್ಪಂಜಿನ ಟೋಪಿ ಇರುತ್ತದಲ್ಲ, ನಮ್ಮವೆಲ್ಲ ಕಪ್ಪು. ಮೈಕಿನ ಸಾಮಾನು ಮಾರುವ ಅಂಗಡಿಯಿಂದ ಹೊಚ್ಚಹೊಸ ಹಳದಿ ಟೋಪಿಯೊಂದನ್ನು ತಂದೆ. ಮೈಕನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಅದಕ್ಕೆ ಈ ಟೋಪಿ ತೊಡಿಸಿ ಅಕ್ಕನಿಗೆ ತೋರಿಸಿದೆ. "ಇದು ನಿಮ್ಮದೊಬ್ಬರದೇ. ಯಾರ ಬಾಯೂ ತಾಕಿಲ್ಲ" ಎಂದೆ. ಅಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಯ್ಯೋ, ಚೆಂಡುಹೂವಿನ ಥರ ಇದೆಯಲ್ಲೇ!" ಎಂದರು.

ಮಧ್ಯಾಹ್ನ ಬಿಸಿಲು ಇಳಿಯುವ ಮುಂಚೆಯೇ ಪಾರ್ಕಿಗೆ ಹೋದೆ. ಮನೆಯವರು ಕಾರಿನಿಂದ ಸ್ಪೀಕರು ಇಳಿಸಿಕೊಟ್ಟು, ಸಂಜೆಗೆ ಬರುತ್ತೇನೆಂದು ಹೋದರು. ವೇದಿಕೆಯ ಕಟ್ಟೆಯ ಎರಡು ಮಗ್ಗುಲಲ್ಲಿ ಸ್ಟ್ಯಾಂಡು ನಿಲ್ಲಿಸಿ, ಕಾಲು ಅಗಲಿಸಿ, ತಿರುಪು ಬಿಗಿ ಮಾಡಿದೆ. ವೈರು ಯಾರ ಕಾಲಿಗೂ ಸಿಕ್ಕದ ಹಾಗೆ ಮೇಲೆ ಕಾಲೊರಸು ಹಾಸಿದೆ. ಹಚ್ಚಿದೆ ನೋಡಿ, ಗುಂಯ್ ಎಂದು ಒಂದೇ ಸಮ ಸದ್ದು. ಕುರ್ಚಿ ಜೋಡಿಸುತ್ತಿದ್ದ ಅಧ್ಯಕ್ಷೆ ಮೇಲೆ ನೋಡಿ, "ಮರದಾಗೆ ಜೇನು ಕೂತೈತಾ ಮೇಡಂ?" ಎಂದರು.

ಮೈಕಿನ ವೈರು ತೆಗೆದೆ, ಸದ್ದು ಹೋಗಲಿಲ್ಲ. ಬಲಗಡೆಯ ಸ್ಪೀಕರಿನಿಂದ ಮಿಕ್ಸರಿನ ವೈರು ಕಿತ್ತೆ, ಥಟ್ಟನೆ ನಿಂತಿತು. ಅಂದರೆ ಸ್ಪೀಕರ್ ಸರಿ ಇದೆ. ಕರೆಂಟನ್ನು ಬೇರೆ ಬೇರೆ ಕಡೆಯಿಂದ ತಂದದ್ದೇ ತಪ್ಪು. ಮಿಕ್ಸರಿಗೆ ಪಾರ್ಕಿನ ಪಂಪ್‌ಹೌಸಿನದು, ಬಲಗಡೆಯ ಸ್ಪೀಕರಿಗೆ ಪಾರ್ಕಿನ ಎದುರು ಮನೆಯ ಕಾಂಪೌಂಡಿನದು. ಎಲ್ಲವನ್ನೂ ಪಂಪ್‌ಹೌಸಿನ ಒಂದೇ ಬೋರ್ಡಿಗೆ ತಂದು ಚುಚ್ಚಿದೆ. ಗುಂಯ್ ಮಾಯ.

ವೈರು ಸುತ್ತಿಕೊಂಡು ಎದುರು ಮನೆಯಾಕೆಗೆ, "ನಿಮ್ಮ ಕರೆಂಟು ಬೇಡವಾಯ್ತು ಕಣ್ರೀ" ಎಂದೆ. ಸಂಘದ ಪ್ರತಿ ಕಾರ್ಯಕ್ರಮಕ್ಕೂ ಅವರದೊಂದು ದೂರು ಇದ್ದದ್ದೇ. ನಮ್ಮ ಸದ್ದಿಗೆ ಅವರ ಮನೆಯ ಸ್ಟ್ಯಾಂಡಿನಲ್ಲಿ ಪಾತ್ರೆಗಳು ಕುಣಿಯುತ್ತವಂತೆ. ಅಂದು ಮಾತ್ರ, "ಮನೆಗೆ ನೆಂಟ್ರು ಬರ್ತಾವ್ರೆ, ಅಲ್ಲಿಗೆ ಬರಕ್ಕಾಗಲ್ಲ. ಗೇಟಿನ ಹತ್ರಾನೇ ನಿಂತು ಕೇಳ್ತೀನಿ. ಅಮ್ಮಾವ್ರ ಹಾಡು ಒಂದ್ಸಲನಾದ್ರೂ ಸರಿಯಾಗಿ ಕೇಳಬೇಕು" ಎಂದರು.

ಆಮೇಲೆ ಅಕ್ಕನನ್ನು ಕಟ್ಟೆಗೆ ಹತ್ತಿಸಿ ಹಳದಿ ಟೋಪಿಯ ಮೈಕು ಕೊಟ್ಟೆ. ಅವರು ಅದನ್ನು ತುಟಿಯ ಹತ್ತಿರ ತಂದರು. ನಾನು ನೋಡುತ್ತಲೇ ಇದ್ದೆ, ಬಾಯಿ ಹಿಂದಕ್ಕೆ ಹೋಗಲಿಲ್ಲ. ಒಂದು ಸಾಲು ಹಾಡಿದರು. ಗುಂಡಿಯನ್ನು ಅರ್ಧ ತಿರುಗಿಸಿದ್ದೆ, ಅಷ್ಟೇ. ಖಾಲಿ ಕುರ್ಚಿಗಳ ಮೇಲೆ ಹಾದು ಆ ದನಿ ಪಾರ್ಕಿನ ಗೇಟು ದಾಟಿತು. ರಸ್ತೆಯಲ್ಲಿ ಸೊಪ್ಪಿನ ಗಾಡಿ ತಳ್ಳುತ್ತಿದ್ದವಳು ನಿಂತು ತಿರುಗಿ ನೋಡಿದಳು. ಅಕ್ಕ ಹಾಡು ನಿಲ್ಲಿಸಿ, "ಇದು ನನ್ನ ದನೀನೇನೆ?" ಎಂದು ಕೇಳಿದರು. ಮೈಕು ಕೈಯಲ್ಲೇ ಇದ್ದದ್ದರಿಂದ ಆ ಪ್ರಶ್ನೆಯೂ ಪಾರ್ಕಿಗೆಲ್ಲ ಕೇಳಿಸಿತು. ಅಧ್ಯಕ್ಷೆ ದೂರದಿಂದಲೇ "ನಿಮ್ದೇ ಕಣಮ್ಮ!" ಎಂದು ಕೂಗಿದರು.

ಅಧ್ಯಕ್ಷೆ ಒಳ್ಳೆಯವರು. ಇದನ್ನು ಬರೆಯಲೇಬೇಕು. ಯಾರ ಮನೆಯಲ್ಲಿ ಕಾಯಿಲೆಯಾದರೂ ಮೊದಲು ಗಂಜಿಯ ಡಬ್ಬಿ ಹೋಗುವುದು ಅವರ ಮನೆಯಿಂದಲೇ. ಸಂಜೆ ಕುರ್ಚಿಗಳು ತುಂಬಿದ ಮೇಲೆ ಸ್ವಾಗತ ಭಾಷಣಕ್ಕೆ ಎದ್ದವರು, ಮೇಜಿನ ಮೇಲೆ ನಾನು ಜೋಡಿಸಿಟ್ಟಿದ್ದ ಮೈಕುಗಳನ್ನು ನೋಡಿದರು. ಎರಡು ಕಪ್ಪು, ಒಂದು ಹಳದಿ. "ಓ, ಇದು ಹೊಸಾದು! ಅಧ್ಯಕ್ಷರಿಗೆ ಅಂತ ಇಟ್ಟವ್ರೆ" ಎಂದು ಹಳದಿಯದನ್ನೇ ಎತ್ತಿಕೊಂಡರು. ಉಗುರಿನಿಂದ ಟಕ್ ಟಕ್ ಕುಟ್ಟಿದರು. ಟೋಪಿಗೆ ತುಟಿ ಅಂಟಿಸಿಕೊಂಡು "ಎಲ್ಲರಿಗೂ ನಮಸ್ಕಾರ" ಎಂದರು.

ನಾನು ಮಿಕ್ಸರಿನ ಹತ್ತಿರ ಅರ್ಧ ಎದ್ದೆ. ಮತ್ತೆ ಕೂತೆ. ಒಬ್ಬರು ಮಾತಾಡುವಾಗ ನಡುವೆ ಬಾಯಿ ಹಾಕಬಾರದು ಎನ್ನುವುದು ನನಗೆ ನನ್ನ ಶಾಲೆಯ ಸಿಸ್ಟರುಗಳು ಎಷ್ಟು ಆಳವಾಗಿ ಕಲಿಸಿದ್ದಾರೆಂದರೆ, ಅದು ಅಕ್ಕನ ಎಂಜಲಿನ ಹಾಗೆಯೇ ಮೈಯೊಳಗೆ ಸೇರಿಹೋಗಿದೆ. "ಸಾರಿ ಮೇಡಂ, ಆ ಮೈಕು ಬೇರೆ" ಎಂದರೆ ಮುಗಿಯುತ್ತಿತ್ತು. ಅಧ್ಯಕ್ಷೆ ನಗುತ್ತಲೇ ಬದಲಾಯಿಸಿಕೊಳ್ಳುತ್ತಿದ್ದರು. ನಾನು ಹೇಳಲಿಲ್ಲ. ಅವರು ಹೆಸರುಗಳನ್ನೆಲ್ಲ ಓದಿದರು, ನಡುವೆ ಒಮ್ಮೆ ಕೆಮ್ಮಿದರು, ಕೊನೆಗೆ ಟೋಪಿಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ, ಬಹಳ ಮರ್ಯಾದೆಯಿಂದ, ಅಕ್ಕನಿಗೆ ಕೊಟ್ಟರು.

ಅಕ್ಕ ನನ್ನ ಕಡೆ ನೋಡಿದರು. ಬೇಸರದ ನೋಟವಲ್ಲ. ಈಗೇನು ಮಾಡೋಣ ಎಂದು ಅಡುಗೆಮನೆಯಲ್ಲಿ ಒಗ್ಗರಣೆ ಸೀದಾಗ ನೋಡುತ್ತಾರಲ್ಲ, ಹಾಗೆ. ಸೊಂಟದಲ್ಲಿ ಸಿಕ್ಕಿಸಿದ್ದ ಬಿಳಿ ಕರ್ಚೀಫು ತೆಗೆದು ಬೆರಳು ಒರೆಸಿಕೊಂಡು ಮತ್ತೆ ಸಿಕ್ಕಿಸಿದರು. ಮೈಕನ್ನು ಹಿಡಿದರು, ಮೊಳದಷ್ಟು ದೂರ.

ಹಾಡು ಶುರುವಾಯಿತು. ಸ್ಪೀಕರಿನಿಂದ ಏನೂ ಬರುತ್ತಿರಲಿಲ್ಲ ಎಂದೇ ಹೇಳಬೇಕು. ಗುಂಡಿ ತಿರುಗಿಸಿದೆ. ಇನ್ನೂ ಸ್ವಲ್ಪ. ಮೊದಲು ಮರದ ಎಲೆಗಳ ಸದ್ದು ಬಂತು, ಆಮೇಲೆ ಮುಂದಿನ ಸಾಲಿನ ಬಳೆಗಳ ಸದ್ದು, ಅಷ್ಟರಲ್ಲಿ ಕೀಂ! ಎಲ್ಲರೂ ಕಿವಿ ಮುಚ್ಚಿಕೊಂಡರು. ಅಕ್ಕ ಬೆಚ್ಚಿ ಒಂದು ಕೈಯನ್ನು ಕುತ್ತಿಗೆಗೆ ಒತ್ತಿಕೊಂಡರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ನಾನು ಸರಕ್ಕನೆ ಇಳಿಸಿದೆ. ಮತ್ತೆ ಏರಿಸಲು ಕೈ ಬರಲಿಲ್ಲ. ಇನ್ನೊಮ್ಮೆ ಕಿರುಚಿ ಅವರು ಹಾಡನ್ನೇ ನಿಲ್ಲಿಸಿಬಿಟ್ಟರೆ ಎಂದು ಹೆದರಿದೆ. ಅಕ್ಕ ಹಾಡಿದರು, ಎಂದಿನಂತೆ ಮುಂದಿನ ಸಾಲಿಗೆ. ಕೊನೆಯ ಚರಣದಲ್ಲಿ ದನಿ ಮೇಲೇರಿ, ಒಂದು ಕಡೆ ನಿಂತು, ಮೆಲ್ಲನೆ ಇಳಿಯಿತು. ನನಗೆ ಕೇಳಿಸಿತು, ನಾನು ಕಟ್ಟೆಯ ಪಕ್ಕದಲ್ಲೇ ಇದ್ದೆ. ಹಿಂದಿನ ಸಾಲಿನವರು ಆಗಲೇ ತಮ್ಮತಮ್ಮಲ್ಲಿ ಮಾತಿಗೆ ತೊಡಗಿದ್ದರು.

ಆ ಕರ್ಚೀಫು. ಅದು ನನಗೆ ಹೊಳೆಯಲು ರಾತ್ರಿಯಾಗಬೇಕಾಯಿತು. ಅಕ್ಕನೇ ಒಗೆದು, ಮಡಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಬಟ್ಟೆ. ಅದನ್ನು ಟೋಪಿಯ ಮೇಲೆ ಸುತ್ತಿದ್ದರೆ ಸಾಕಿತ್ತು. ಸಣ್ಣವಳಿದ್ದಾಗ ಯೂನಿಫಾರ್ಮಿನ ಎದೆಗೆ ದಿನವೂ ಕರ್ಚೀಫು ಪಿನ್ ಮಾಡಿಕೊಂಡು ಶಾಲೆಗೆ ಹೋದವಳು ನಾನು, ನನಗೇ ಹೊಳೆಯಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಅಕ್ಕ ಈಗ ಆರಾಮಾಗಿದ್ದಾರೆ. ಮಾತು ಸ್ವಲ್ಪ ಒರಟಾಗಿದೆ, ಅಷ್ಟೇ. "ನಿಮ್ಮ ಭಾವನ ಥರಾನೇ ಗದರ್ತೀನಿ ನೋಡು ಈಗ" ಎಂದು ತಾವೇ ತಮಾಷೆ ಮಾಡುತ್ತಾರೆ. ಬೆಳಿಗ್ಗೆ ನಾನು ತರಕಾರಿ ಹೆಚ್ಚುವಾಗ ಮೆಟ್ಟಿಲಿನಿಂದ ರೇಡಿಯೋ ಕೇಳಿಸುತ್ತದೆ. ಒಮ್ಮೆ ಒಂದು ಹಾಡಿನ ಮೊದಲ ಸಾಲನ್ನು ಅವರು ಹೇಳಲು ಹೋದದ್ದು ಕೇಳಿಸಿತು. ಮೇಲೇರುವ ಕಡೆ ಬಂದು ನಿಂತರು. ಆಮೇಲೆ ಪಾತ್ರೆಯ ಸದ್ದಾಯಿತು. ಮನೆಯವರ ಫೋನಿನಲ್ಲಿ ಆ ಸಂಜೆಯ ರೆಕಾರ್ಡಿಂಗ್ ಇದೆ. ಅದರಲ್ಲಿ ಕುರ್ಚಿ ಎಳೆಯುವ ಸದ್ದಿದೆ, ನನ್ನ ಕೀಂ ಇದೆ, ಯಾರದೋ ನಗು ಇದೆ. ಕಿವಿಗೆ ಒತ್ತಿಕೊಂಡು ಕೇಳಿದರೆ ಬಹಳ ಹಿಂದೆ, ಎರಡು ಮನೆ ಆಚೆಗೆ ಯಾರೋ ಹಾಡಿಕೊಳ್ಳುತ್ತಿರುವ ಹಾಗೆ, ಅಕ್ಕ ಇದ್ದಾರೆ.

ಅಂದು ಕಾರ್ಯಕ್ರಮ ಮುಗಿದಾಗ ಇನ್ನೂ ಸಂಜೆಯ ಬೆಳಕು ಸ್ವಲ್ಪ ಉಳಿದಿತ್ತು. ಮೊದಲು ಸ್ಪೀಕರ್ ಆರಿಸಿದೆ, ಆಮೇಲೆ ಮಿಕ್ಸರ್. ಅಕ್ಕ ಮನೆಗೆ ಹೋಗಲಿಲ್ಲ. ನನ್ನ ಪಕ್ಕದಲ್ಲೇ ನಿಂತು ವೈರು ಸುತ್ತಲು ಕೈ ಜೋಡಿಸಿದರು, ನೂಲಿನ ಉಂಡೆ ಸುತ್ತುವ ಹಾಗೆ.

"ಅಕ್ಕ, ನಾನು ಆಗಲೇ ಹೇಳಬೇಕಿತ್ತು" ಎಂದೆ.

"ಬಿಡೆ. ಪಾಪ, ಅವರಿಗೇನು ಗೊತ್ತು" ಎಂದರು. ಆಮೇಲೆ "ಹಿಂದೆ ಒಂಚೂರಾದ್ರೂ ಕೇಳಿಸಿರುತ್ತೆ, ಅಲ್ವೇನೆ?" ಎಂದರು.

"ಕೇಳಿಸಿರುತ್ತೆ ಅಕ್ಕ" ಎಂದೆ.

ಎದುರು ಮನೆಯಾಕೆ ನೆಂಟರನ್ನು ಕಳಿಸಲು ಗೇಟಿಗೆ ಬಂದಿದ್ದರು. ನಮ್ಮನ್ನು ಕಂಡು ರಸ್ತೆಯ ಆ ಕಡೆಯಿಂದಲೇ ಕೈ ಎತ್ತಿದರು.

"ಏನ್ರೀ, ಅಧ್ಯಕ್ಷರ ಭಾಷಣ ಒಂದಕ್ಷರ ಬಿಡದಂಗೆ ಕೇಳಿಸ್ತು. ಆಮೇಲೆ ಒಂದ್ಸಲ ಕೀಂ ಅಂತು, ಅಷ್ಟೇ, ಸೀದಾ ಚಪ್ಪಾಳೆ ಕೇಳಿಸ್ತು. ಮಧ್ಯದಾಗೆ ಅಷ್ಟೊತ್ತು ಸದ್ದೇ ಇರ್ಲಿಲ್ವಲ್ಲ, ಟೀ ಕೊಟ್ರಾ?"