ಬರಿಗಲ್ಲಿನ ಸದ್ದು

೨೦೨೪ನೆಯ ಇಸವಿ, ಆಗ ನನಗೆ ನಲವತ್ತೇಳು ವರ್ಷ. ಸಿಂದಗಿಯ ಪ್ರೌಢಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿ, ರಾಜೀನಾಮೆ ಕೊಟ್ಟು, ವಿಶ್ವವಿದ್ಯಾಲಯದಲ್ಲಿ ಚಲನಚಿತ್ರ ಮತ್ತು ಪ್ರಸಾರ ಮಾಧ್ಯಮದ ಸ್ನಾತಕೋತ್ತರ ತರಗತಿಗೆ ಸೇರಿದ್ದೆ. ಸಹಪಾಠಿಗಳೆಲ್ಲ ನನ್ನ ಮಗಳ ಓರಗೆಯವರು.

ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಒಂದು ಬಾನುಲಿ ರೂಪಕವನ್ನು ತಯಾರಿಸಬೇಕಾಗಿತ್ತು. ನಾನು ಆರಿಸಿಕೊಂಡ ವಿಷಯ ಬೀಸುವ ಹಾಡು. ಒಪ್ಪಿಸುವ ಗಡುವು ಮೇ ಹದಿನೈದರ ಸಂಜೆ ಐದು ಗಂಟೆ. ಹಾಡಿದವರ ಒಪ್ಪಿಗೆ ಪತ್ರವೂ ಜೊತೆಗಿರಬೇಕು. ತಪ್ಪಿದರೆ ಒಂದು ವರ್ಷ ನಷ್ಟ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನೆಲ್ಲ ಸುತ್ತಿದ್ದೆ. ಎಲ್ಲಿ ನೋಡಿದರೂ ಗಿರಣಿ. ಕಡೆಗೆ, ಗಡುವಿನ ಹಿಂದಿನ ದಿನ, ಮೋರಟಗಿಯಲ್ಲಿ ಒಬ್ಬ ವೃದ್ಧೆ ಸಿಕ್ಕರು. ಊರವರಂತೆ ನಾನೂ ಅವರನ್ನು ಆಯಿ ಎಂದೇ ಕರೆದೆ.

ಆ ಮಧ್ಯಾಹ್ನ ಫ್ಯಾನು ನಿಲ್ಲಿಸಿ, ಬೆವರುತ್ತ, ಅವರು ಜೋಳ ಬೀಸುತ್ತ ಹಾಡಿದ ಏಳು ಹಾಡುಗಳನ್ನು ದಾಖಲಿಸಿಕೊಂಡೆ. ಅವರ ಸೊಸೆ ಹಿಟ್ಟು ಬಳಿದುಕೊಂಡು ಹೋದಳು. ಆಯಿ ಚಹಾ ತರಲು ಒಳಗೆ ನಡೆದರು. ನನ್ನ ಟಿಪ್ಪಣಿಯಲ್ಲಿ ಒಂದು ಅಂಶ ಬಾಕಿಯಿತ್ತು: ಕಲ್ಲಿನ ಸದ್ದು, ಪ್ರತ್ಯೇಕವಾಗಿ. ಸಂಕಲನದಲ್ಲಿ ಹಾಡುಗಳ ನಡುವಿನ ಖಾಲಿ ಜಾಗಕ್ಕೆ ಅದು ಬೇಕೆಂದು ನಮಗೆ ಕಲಿಸಿದ್ದರು. ನಿಲ್ಲಿಸಿ ಮತ್ತೆ ಆರಂಭಿಸಿದರೆ ಧ್ವನಿಯ ಮಟ್ಟ ಬದಲಾದೀತೆಂದು ಧ್ವನಿಮುದ್ರಣ ಯಂತ್ರವನ್ನು ಓಡಲು ಬಿಟ್ಟು, ಗೂಟ ಹಿಡಿದು ಕಲ್ಲನ್ನು ತಿರುಗಿಸಿದೆ.

ಐದಾರು ಸುತ್ತು ಆಗಿರಬೇಕು.

“ಯಾರದು, ಬರೇ ಕಲ್ಲ ತಿರುವಾಕತ್ತವರು?” ಆಯಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿದ್ದ ಚಹಾ ತುಳುಕುತ್ತಿತ್ತು.

“ನಾನ್ರಿ ಆಯಿ. ಕಲ್ಲಿನ ಸಪ್ಪಳಷ್ಟ ಬೇಕಾಗಿತ್ತು.”

“ಸಪ್ಪಳ! ಕಾಳ ಹಾಕದ ಕಲ್ಲ ತಿರುವಿದ್ರ ಮನ್ಯಾಗ ಕಾಳ ನಿಲ್ಲಂಗಿಲ್ಲ. ನಿಮ್ಮ ಮನ್ಯಾಗ ಬರೇ ಹಂಚ ಕಾಸಿ ಸಪ್ಪಳ ಕೇಳ್ತಾರೇನು?”

“ಹೋಗ್ಲಿ ಬಿಡ್ರಿ ಅತ್ತಿ,” ಎಂದಳು ಸೊಸೆ. “ಮಾಸ್ತರಿಗೇನ ಗೊತ್ತು?”

“ಮಾಸ್ತರಿಗೆ ಗೊತ್ತಿಲ್ಲಂದ್ರ ಯಾರಿಗೆ ಗೊತ್ತಿರಬೇಕ?” ಆಯಿ ಒಪ್ಪಿಗೆ ಪತ್ರವನ್ನು ನನ್ನತ್ತ ಸರಿಸಿದರು. “ಆ ಡಬ್ಬಿಯೊಳಗಿಂದು ಅಳಿಸ್ರಿ. ಅದು ಇರೂತನಕ ನಾ ಹೆಬ್ಬಟ್ಟ ಒತ್ತಂಗಿಲ್ಲ.”

“ಅದನ್ನ ಅಳಿಸಿದ್ರ ನಿಮ್ಮ ಹಾಡೂ ಹೋಗ್ತಾವ್ರಿ. ಎರಡೂ ಒಂದರಾಗ ಅದಾವು. ಮನಿಗೆ ಹೋಗಿ ಕಂಪ್ಯೂಟರಿನ್ಯಾಗ ಬ್ಯಾರೆ ಮಾಡ್ತೇನಿ.”

“ನನ್ನ ಮುಂದ ಅಳಿಸ್ರಿ. ಹಾಡ ಹೋದ್ರ ಹೋಗ್ಲಿ, ಅವು ನನ್ನ ಹೊಟ್ಯಾಗ ಅದಾವು.”

ಬೇರೆ ಯಾವುದೋ ಕಡತವನ್ನು ಅಳಿಸಿ ತೋರಿಸಬಹುದಾಗಿತ್ತು, ಅವರಿಗೆ ತಿಳಿಯುತ್ತಿರಲಿಲ್ಲ. ಆ ಯೋಚನೆ ನನಗೆ ಬಂದಿತು, ಒಂದು ಕ್ಷಣ ನಿಂತಿತು ಕೂಡ. ಆಯಿ ಯಂತ್ರವನ್ನು ನೋಡುತ್ತಿರಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದರು. ಪ್ರತಿ ತೆಗೆದಿರಿಸಿರಲಿಲ್ಲ. ಅಳಿಸುವ ಗುಂಡಿ ಒತ್ತಿದೆ. ಏಳು ಹಾಡುಗಳೂ ಹೋದವು.

“ಆತೇನು?”

“ಆತ್ರಿ.”

ಅವರು ಒಳಗೆ ಹೋದರು. ಗಡಿಯಾರದಲ್ಲಿ ಎರಡೂಮುಕ್ಕಾಲು. ಇನ್ನೊಮ್ಮೆ ಹಾಡಿರೆಂದು ಕೇಳುವ ಮುಖ ನನಗಿರಲಿಲ್ಲ. ಕೇಳದೆ ಎದ್ದು ಹೋಗುವ ಧೈರ್ಯವೂ ಇರಲಿಲ್ಲ. ಒಳಗಿನಿಂದ ಡಬ್ಬವೊಂದರ ಮುಚ್ಚಳ ತೆಗೆದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಅವರು ಮೊರದ ತುಂಬ ಜೋಳ ತಂದು ನನ್ನ ಮುಂದಿಟ್ಟರು.

“ಕೂಡ್ರಿ. ಬರೇ ತಿರುವಿದ ಕೈಲೇನ ಕಾಳ ಬೀಳಬೇಕು.”

ಕೂತೆ. ಕಾಳು ಬಿದ್ದ ಕಲ್ಲು ನನ್ನ ಕೈಗೆ ಬಗ್ಗಲಿಲ್ಲ. ಅರ್ಧ ಸುತ್ತಿಗೆ ನಿಲ್ಲುತ್ತಿತ್ತು. ಅರ್ಧ ಮೊರ ಮುಗಿಯುವಷ್ಟರಲ್ಲಿ ಅಂಗೈಯಲ್ಲಿ ಗುಳ್ಳೆ ಎದ್ದಿತ್ತು.

“ಸಿಟ್ಟಿಲೆ ದೂಡಬ್ಯಾಡ್ರಿ ಮಾಸ್ತರ, ಅದೇನು ನಿಮ್ಮ ಸಾಲಿ ಹುಡುಗಲ್ಲ,” ಎಂದು ಆಯಿ ಮೊದಲ ಬಾರಿಗೆ ನಕ್ಕರು. ಎದುರಿಗೆ ಕೂತು, ಅದೇ ಗೂಟಕ್ಕೆ ಕೈ ಹಾಕಿದರು. ಕಲ್ಲು ಹಗುರಾಗಿ ತಿರುಗಿತು. ಮೂರನೆಯ ಸುತ್ತಿಗೆ ಹಾಡು ಬಂದಿತು.

ನನ್ನ ಎರಡೂ ಕೈಗಳು ಗೂಟದ ಮೇಲಿದ್ದವು. ಯಂತ್ರದ ಕೆಂಪು ಗುಂಡಿಯನ್ನು ಸೊಸೆಗೆ ಕಣ್ಣಿನಲ್ಲೇ ತೋರಿಸಿದೆ. ಅವಳು ಅತ್ತೆಯ ಮುಖ ನೋಡಿದಳು; ಆಯಿ ಹಾಡುತ್ತಲೇ ತಲೆಯಾಡಿಸಿದರು; ಅವಳು ಒತ್ತಿದಳು. ಧ್ವನಿಯ ಮಟ್ಟವನ್ನು ಯಾರೂ ನೋಡಲಿಲ್ಲ. ಸಿಕ್ಕಿದ್ದು ನಾಲ್ಕೇ ಹಾಡು, ಅವುಗಳ ನಡುವೆ ನನ್ನ ಏದುಸಿರು. ಅದನ್ನು ಕತ್ತರಿಸದೆ ಹಾಗೆಯೇ ಒಪ್ಪಿಸಿದೆ.

ಜೋಳ ತೀರಿದ ಮೇಲೆ ಆಯಿ ಕೈಗೆ ಅಂಟಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ಪಕ್ಕದಲ್ಲಿ ತಾರೀಖಿನ ಜಾಗ ಖಾಲಿಯಿತ್ತು. ಗುಳ್ಳೆಯೆದ್ದ ಕೈಯಲ್ಲಿ ಪೆನ್ನು ನೆಟ್ಟಗೆ ನಿಲ್ಲಲಿಲ್ಲ. ಅಕ್ಷರ ಸೊಟ್ಟಗಾದರೂ ನಾನೇ ಬರೆದೆ: ೧೪ ಮೇ ೨೦೨೪, ಮಂಗಳವಾರ.