ಡಂಕನ್ನನಿಗೆ ನಿರಿಗೆ ಹಿಡಿದದ್ದು

ಪಂಚೆಯ ನಿರಿಗೆ ಒಂದಿಷ್ಟೂ ಸಡಿಲವಾಗದಂತೆ ತುಂಬಿದ ಕಾವೇರಿಯನ್ನು ಈಜಿ ದಾಟಿದವನು ನಾನೊಬ್ಬನೇ. ಕಣ್ಣಾರೆ ಕಂಡವರು ಯಾರೂ ಈಗ ಉಳಿದಿಲ್ಲ, ಏನು ಮಾಡೋದು!

ಇಲ್ಲಿ ಪರದೇಶದಲ್ಲಿ, ನಾವಿರುವ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ, ಒಂದು ಬೆಳಿಗ್ಗೆ ಪಕ್ಕದ ಮನೆಯ ಮುದುಕ ಡಂಕನ್ ಗರಾಜಿನ ನೆಲದ ಮೇಲೆ ಅಂಗಾತ ಬಿದ್ದಿದ್ದ. ಎದೆನೋವೇ ಇರಬೇಕು ಅಂತ ಓಡಿದೆ. ನೋಡಿದರೆ ಬೆನ್ನ ಕೆಳಗೆ ಚೌಕಳಿಯ ಉಣ್ಣೆ ಬಟ್ಟೆ ಹಾಸಿಕೊಂಡು ಕಿಲ್ಟ್ ಅನ್ನೋ ಗಂಡಸರ ನಿರಿಗೆ ಲಂಗ ಉಡೋಕೆ ಒದ್ದಾಡುತ್ತಿದ್ದಾನೆ! ಅವತ್ತು ಮೊಮ್ಮಗಳ ಮದುವೆ, ಬ್ಯಾಗ್‌ಪೈಪ್ ಊದೋನು ಅವನೇ. ಸ್ಕಾಟ್ಲೆಂಡಿನ ಅವನ ಹಿರಿಯರು ಹಾಗೇ ನಿರಿಗೆ ಮಾಡಿ ಹಾಸಿ, ಅದರ ಮೇಲೆ ಮಲಗಿ, ಬೆಲ್ಟ್ ಬಿಗಿದು ಏಳುತ್ತಿದ್ದರಂತೆ. ಇವನ ಮಂಡಿ ಏಳಲು ಬಿಡಬೇಕಲ್ಲ!

"ಅವರಿಗೆ ರಾತ್ರಿ ಹೊದೆಯೋಕೂ ಇದೇ ಕಂಬಳಿ. ಬೆಟ್ಟದ ಒದ್ದೆ ಹುಲ್ಲಲ್ಲಿ ನಡೆದರೂ ಪ್ಯಾಂಟಿನ ಹಾಗೆ ಕಾಲಿಗೆ ಅಂಟಲ್ಲ" ಅಂದ. ಪಂಚೆ ಎತ್ತಿಕಟ್ಟಿ ಗದ್ದೆ ತುಳಿದ ನನಗೆ ಇದನ್ನು ಹೇಳಬೇಕೆ? ಕೈಹಿಡಿದು ಎಬ್ಬಿಸಿ, ನಿಂತಲ್ಲೇ ನಿರಿಗೆ ಹಿಡಿದು ಬೆಲ್ಟ್ ಬಿಗಿದೆ. ಸಂಜೆಯ ತನಕ ಊದಿದ, ಕುಣಿದ. ಒಂದು ನಿರಿಗೆಯೂ ಜಾರಲಿಲ್ಲ.

ಮೊನ್ನೆ ಪಕ್ಕದೂರು ನೋವೈನ ದೇವಸ್ಥಾನದಲ್ಲಿ ಪುಳಿಯೋಗರೆ ತಿನ್ನುತ್ತ ನಾಲ್ಕು ಜನಕ್ಕೆ ಇದನ್ನೇ ಹೇಳುತ್ತಿದ್ದೆ. ಹಿಂದೆ ಕೂತಿದ್ದ ನನ್ನ ಹೆಂಡತಿ ಬಾಯಿ ಹಾಕಿದಳು.

"ಡಂಕನ್ ಕಾರು ಹತ್ತೋ ಮುಂಚೆಯೇ ಅರ್ಧ ನಿರಿಗೆ ಉದುರಿತ್ತಲ್ರೀ! ನನ್ನ ಸೀರೆ ಪಿನ್ನೆಲ್ಲ ಆ ಯಜಮಾನರ ಸೊಂಟಕ್ಕೇ ಹೋಯ್ತು, ಒಂದೂ ವಾಪಸ್ ಬಂದಿಲ್ಲ."

ನಾನು ಭುಜ ಹಾರಿಸಿದೆ. "ಪಿನ್ನು ಚುಚ್ಚೋದಕ್ಕಾದರೂ ನಿರಿಗೆ ಇರಬೇಕಲ್ವೇನೇ?"